ಬಾಣಬಿರುಸಿನ ಬಣ್ಣಕ್ಕೆ ಎಷ್ಟು ವಯಸ್ಸು?

ಆಕಾಶದಲ್ಲಿ ಕೆಂಪು ಅರಳಿ, ಅದರ ಒಡಲಿನಿಂದ ಹಸಿರು ಚೆಲ್ಲುವ ಬಾಣಬಿರುಸು ಅನಾದಿ ಕಾಲದಿಂದಲೂ ಇತ್ತೆಂದು ನಮಗೆ ಅನ್ನಿಸುತ್ತದೆ. ಹಾಗಿಲ್ಲ. ಈ ಜೋಡಿಗೆ ಸುಮಾರು ಇನ್ನೂರು ವರ್ಷ, ಅಷ್ಟೇ.

ಬಾಣಬಿರುಸು ಮಾತ್ರ ನಮಗೆ ಹಳೆಯದು. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯನ್ ರಾಯಭಾರಿ ಅಬ್ದುರ್ ರಜಾಕ್ ಮಹಾನವಮಿಯ ವರ್ಣನೆಯಲ್ಲಿ ಅದನ್ನು ಹೆಸರಿಸಿದ್ದಾನೆ. ಕೃಷ್ಣದೇವರಾಯನ ಎದುರಾಳಿ, ಒಡಿಶಾದ ಗಜಪತಿ ಪ್ರತಾಪರುದ್ರನ ಹೆಸರಿನಲ್ಲಿರುವ ಸಂಸ್ಕೃತ ಗ್ರಂಥ ‘ಕೌತುಕಚಿಂತಾಮಣಿ’ಯಲ್ಲಿ ಚಂದ್ರಜ್ಯೋತಿ, ಪುಷ್ಪವರ್ತಿ ಮುಂತಾದ ಬಿರುಸುಗಳನ್ನು ಮಾಡುವ ಕ್ರಮವಿದೆ. ಇಂಥ ಚೂರುಗಳನ್ನು ಹುಡುಕಿ ಒಂದೆಡೆ ಕೂಡಿಸಿದವರು ಪುಣೆಯ ಭಂಡಾರ್ಕರ್ ಸಂಸ್ಥೆಯಲ್ಲಿದ್ದ ಪಿ. ಕೆ. ಗೋಡೆ. ಆ ಪುಸ್ತಿಕೆ 1953ರಲ್ಲಿ ಬೆಂಗಳೂರಿನಿಂದ ಪ್ರಕಟವಾಯಿತು.

ಅಂದಿನ ಕುಶಲಿಯ ಕೈಯಲ್ಲಿ ಮುಖ್ಯವಾಗಿ ಇದ್ದದ್ದು ಇದ್ದಿಲಿನ ಹೊನ್ನಿನ ಬಣ್ಣ, ಕಬ್ಬಿಣದ ಪುಡಿಯ ಬೆಳ್ಳನೆಯ ಕಿಡಿ. ಹಾಗಾಗಿ ಅವನ ವೈದೃಶ್ಯವೆಲ್ಲ ಬೆಳಕು-ಕತ್ತಲೆಯದು, ಮೆಲ್ಲನೆ ಉರಿಯುವುದು ಮತ್ತು ಥಟ್ಟನೆ ಸಿಡಿಯುವುದರದು.

1780ರ ದಶಕದಲ್ಲಿ ಫ್ರಾನ್ಸಿನ ಬರ್ತೊಲೆ ಪೊಟ್ಯಾಸಿಯಂ ಕ್ಲೋರೇಟ್ ತಯಾರಿಸಿದ. 19ನೇ ಶತಮಾನದಲ್ಲಿ ಅದು ಬಿರುಸಿನೊಳಕ್ಕೆ ಬಂದ ಮೇಲೆ ಬಣ್ಣಗಳು ನಿಚ್ಚಳವಾದವು: ಸ್ಟ್ರಾನ್ಶಿಯಂನಿಂದ ಕೆಂಪು, ಬೇರಿಯಂನಿಂದ ಹಸಿರು, ಸೋಡಿಯಂನಿಂದ ಹಳದಿ, ತಾಮ್ರದಿಂದ ನೀಲಿ.

ಆಗ ಹೊಸ ಪ್ರಶ್ನೆ ಎದ್ದಿತು: ಯಾವುದರ ಪಕ್ಕ ಯಾವುದು? ಚಿತ್ರಕಾರನ ಲೆಕ್ಕ ಇಲ್ಲಿ ಅರ್ಧ ಮಾತ್ರ ನಡೆಯುತ್ತದೆ. ಕೆಂಪಿನ ಪಕ್ಕ ಕಿತ್ತಳೆ ಇಟ್ಟರೆ ದೂರದಿಂದ ಎರಡೂ ಒಂದೇ. ಹಸಿರು ಇಟ್ಟರೆ ಬೇರೆಯಾಗಿ ನಿಲ್ಲುತ್ತದೆ. ಸೋಡಿಯಂ ಲವಲೇಶ ಸೇರಿದರೂ ಉಳಿದ ಬಣ್ಣಗಳ ಮೇಲೆ ಹಳದಿ ಸವಾರಿ ಮಾಡುತ್ತದೆ. ನೀಲಿಯದು ಬೇರೆಯೇ ಪಾಡು. ಉರಿ ತೀರಾ ಬಿಸಿಯಾದರೆ ಆ ಬಣ್ಣ ಕೊಡುವ ತಾಮ್ರದ ಕ್ಲೋರೈಡ್ ಒಡೆದುಹೋಗುತ್ತದೆ. ಉರಿ ತಗ್ಗಿಸಿದರೆ ಬೆಳಕೂ ತಗ್ಗುತ್ತದೆ. ಪ್ರಖರ ಬಿಳಿಯ ಪಕ್ಕ ಅದು ಕಾಣುವುದೇ ಇಲ್ಲ. ಹೀಗಾಗಿ ಬಣ್ಣದಷ್ಟೇ ಪ್ರಖರತೆಯನ್ನೂ ತೂಗಬೇಕಾಯಿತು.

ಈ ಚೆಲುವಿಗೆ ಬೆಲೆ ತೆತ್ತವರು ನೋಡುಗರಲ್ಲ, ಬೆರೆಸಿದವರು. ಕ್ಲೋರೇಟಿಗೆ ಗಂಧಕ ಸೇರಿದರೆ ಸಣ್ಣ ತಿಕ್ಕಾಟಕ್ಕೂ ಸಿಡಿಯಬಹುದು. ಕಾರ್ಖಾನೆಯ ಕೆಲಸಗಾರನಿಗೂ ಮನೆಯ ಹವ್ಯಾಸಿಗೂ ಅದು ಒಂದೇ. ಅಪಘಾತಗಳ ನಂತರ ಬ್ರಿಟನ್ 1894ರಲ್ಲಿ ಆ ಮಿಶ್ರಣವನ್ನು ನಿಷೇಧಿಸಿತು. ನಮ್ಮಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಹೊಗೆ ಕಡಿಮೆಯ ‘ಹಸಿರು ಪಟಾಕಿ’ಗೆ ಒಪ್ಪಿತು, ಬೇರಿಯಂ ಲವಣಗಳನ್ನು ನಿಷೇಧಿಸಿತು. ಹೆಸರಿಗೆ ಹಸಿರು ಬಂತು. ಆಕಾಶಕ್ಕೆ ಹಸಿರು ಕೊಟ್ಟ ಲವಣ ಹೋಯಿತು. ಅದರ ಹೊಗೆ ಕುಡಿಯುವ ಶ್ವಾಸಕೋಶಗಳನ್ನು ನೆನೆದರೆ, ಈ ಚೌಕಾಸಿ ನಷ್ಟದ್ದೇನಲ್ಲ. ವಿಜಯನಗರದ ಮಹಾನವಮಿ ಬೇರಿಯಂನ ಹಸಿರಿಲ್ಲದೆಯೇ ರಂಗೇರಿತ್ತು.