ಬರಿದಾದ ಪೀಠಕ್ಕೆ ಬಂದವರು

ಬಾನುಲಿಯ ಮಹಿಮೆ ವಿಚಿತ್ರವಾದುದು. ಅದರಲ್ಲಿ ಮಾತನಾಡುವವರ ಮುಖವನ್ನು ನಾವು ಬಹುಮಟ್ಟಿಗೆ ಕಂಡಿರುವುದಿಲ್ಲ. ಆದರೂ ಹತ್ತಾರು ವರ್ಷ ಒಂದೇ ಧ್ವನಿ ತಪ್ಪದೆ ಮನೆಯೊಳಕ್ಕೆ ಬರುತ್ತಿದ್ದರೆ, ಆ ಧ್ವನಿಯ ಒಡೆಯರು ನಮಗೆ ಬಂಧುಗಳೇ ಆಗಿಬಿಡುತ್ತಾರೆ. ಬೆಂಗಳೂರು ಆಕಾಶವಾಣಿಯ ಎ. ಎಸ್. ಮೂರ್ತಿಯವರು ರಂಗಭೂಮಿಯಲ್ಲಿ ಎಷ್ಟೇ ಕೆಲಸ ಮಾಡಿದ್ದರೂ ಜನರ ಬಾಯಲ್ಲಿ ಅವರು ಕೊನೆಯವರೆಗೂ ‘ರೇಡಿಯೋ ಈರಣ್ಣ’ನೇ ಆಗಿದ್ದರು. ಅವರು ೨೦೧೨ರಲ್ಲಿ ಕಾಲವಶರಾದಾಗ ಅನೇಕರಿಗೆ ನೆನಪಾದದ್ದು ಆ ಹೆಸರೇ. ಅಂಥ ಧ್ವನಿಯೊಂದು ನಿಂತುಹೋದಾಗ ಏನು ಮಾಡಬೇಕು? ಕಾರ್ಯಕ್ರಮವನ್ನೂ ನಿಲ್ಲಿಸಿಬಿಡುವುದೋ, ಆ ಪೀಠದಲ್ಲಿ ಇನ್ನೊಬ್ಬರನ್ನು ಕೂರಿಸುವುದೋ? ಕೂರಿಸುವುದಾದರೆ ಯಾರನ್ನು, ಯಾವಾಗ, ಹೇಗೆ?

ಚೆನ್ನೈಯಲ್ಲಿ ನೆಲೆಸಿದ ಕನ್ನಡಿಗರಿಗೆ ಬಾನುಲಿಯ ಚರಿತ್ರೆ ಎರಡು ಕಡೆಯಿಂದಲೂ ನಂಟಿನದು. ನಾವಿರುವ ಈ ಊರಿನಲ್ಲಿ ೧೯೨೪ರಷ್ಟು ಹಿಂದೆಯೇ ಉತ್ಸಾಹಿಗಳು ರೇಡಿಯೋ ಕ್ಲಬ್ಬನ್ನು ಕಟ್ಟಿದ್ದರು. ಅದು ನಿಂತ ತರುವಾಯ ೧೯೩೦ರಲ್ಲಿ ನಗರದ ಕಾರ್ಪೊರೇಷನ್ನೇ ಬಿತ್ತರವನ್ನು ಕೈಗೆತ್ತಿಕೊಂಡಿತು. ೧೯೩೮ರ ಜೂನ್ ೧೬ರಂದು ಅಖಿಲ ಭಾರತ ಬಾನುಲಿಯ ಮದರಾಸು ನಿಲಯ ಆರಂಭವಾಯಿತು. ನಾವು ಬಿಟ್ಟುಬಂದ ನಾಡಿನಲ್ಲಿ, ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾ. ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ದೇಶಕ್ಕೆ ದೊರೆತದ್ದು ಆ ಮೈಸೂರಿನ ನಿಲಯದಿಂದ. ಆದರೆ ಮೇಲಿನ ಪ್ರಶ್ನೆಗೆ ಅತ್ಯಂತ ವಿವರವಾದ ಉತ್ತರ ದೊರೆಯುವುದು ದೂರದ ಲಂಡನ್ನಿನಲ್ಲಿ. ಆದುದರಿಂದ ವಾಚಕರನ್ನು ಸ್ವಲ್ಪ ಹೊತ್ತು ಅಲ್ಲಿಗೆ ಕರೆದೊಯ್ಯಲು ಅಪ್ಪಣೆ ಬೇಡುತ್ತೇವೆ.

ಬಿ.ಬಿ.ಸಿ.ಯ ನಾಲ್ಕನೆಯ ವಾಹಿನಿಯಲ್ಲಿ ೧೯೭೨ರ ಏಪ್ರಿಲ್ ೧೧ರಂದು ಒಂದು ಹಾಸ್ಯಗೋಷ್ಠಿ ಮೊದಲಾಯಿತು. ಅದರ ಹೆಸರು ‘ಐಯಾಮ್ ಸಾರಿ ಐ ಹ್ಯಾವಂಟ್ ಎ ಕ್ಲೂ’. ‘ಕ್ಷಮಿಸಿ, ನನಗೇನೂ ತಿಳಿಯದು’ ಎಂದು ಅದರ ಭಾವ. ಅದಕ್ಕೆ ಮುಂಚೆ ಇದೇ ಗೆಳೆಯರಲ್ಲಿ ಕೆಲವರು ಬರೆದ ಹಾಸ್ಯ ಪ್ರಹಸನಗಳನ್ನು ಬಾನುಲಿಯಲ್ಲಿ ಆಡುತ್ತಿದ್ದರು. ವಾರವಾರವೂ ಬರೆಯುವ ಶ್ರಮ ತಪ್ಪಲೆಂದು, ಬರಹವಿಲ್ಲದೆಯೇ ಆಡಬಹುದಾದ ಆಟವೊಂದನ್ನು ಗ್ರೇಮ್ ಗಾರ್ಡನ್ ಎಂಬವರು ಯೋಚಿಸಿದರು. ಎರಡು ಪಕ್ಷ, ಪಕ್ಷಕ್ಕೆ ಇಬ್ಬರು, ನಡುವೆ ಒಬ್ಬ ಅಧ್ಯಕ್ಷ. ಅಧ್ಯಕ್ಷರು ಕೊಟ್ಟ ಅಸಂಬದ್ಧ ಕೆಲಸವನ್ನು ಉಳಿದವರು ಗಂಭೀರವಾಗಿ ಮಾಡಬೇಕು. ನಮ್ಮ ಕರಾವಳಿಯ ತಾಳಮದ್ದಳೆಯನ್ನು ಬಲ್ಲವರಿಗೆ ಇದರ ಹದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಅರ್ಥಧಾರಿಗಳ ಮಾತು ಆ ಕ್ಷಣದಲ್ಲಿ ಹುಟ್ಟಿದ್ದು. ಆದರೆ ಅದು ಎಲ್ಲಿ ಆರಂಭವಾಗಬೇಕು, ಎಲ್ಲಿ ನಿಲ್ಲಬೇಕು ಎಂಬುದು ಭಾಗವತರ ಕೈಯಲ್ಲಿ.

ಆ ಗೋಷ್ಠಿಯ ಅತ್ಯಂತ ಪ್ರಸಿದ್ಧವಾದ ಆಟ ‘ಮಾರ್ನಿಂಗ್ಟನ್ ಕ್ರೆಸೆಂಟ್’. ಇದು ಲಂಡನ್ನಿನ ನೆಲದಡಿಯ ರೈಲಿನ ಒಂದು ನಿಲ್ದಾಣದ ಹೆಸರು. ಒಬ್ಬರಾದಮೇಲೊಬ್ಬರು ಊರಿನ ಬೀದಿಗಳ, ನಿಲ್ದಾಣಗಳ ಹೆಸರುಗಳನ್ನು ಹೇಳುತ್ತ ಹೋಗುವುದು. ಯಾರು ಮೊದಲು ‘ಮಾರ್ನಿಂಗ್ಟನ್ ಕ್ರೆಸೆಂಟ್’ ಎನ್ನುತ್ತಾರೋ ಅವರು ಗೆದ್ದರು. ಹಾಗಾದರೆ ಮೊದಲನೆಯ ಸಲವೇ ಏಕೆ ಹೇಳಬಾರದು? ನಗೆಯಿರುವುದು ಅಲ್ಲಿಯೇ. ಆಟಕ್ಕೆ ನಿಯಮಗಳೇ ಇಲ್ಲ. ಆದರೆ ಮಹಾ ಜಟಿಲವಾದ ನಿಯಮಗಳಿವೆಯೆಂದು ಎಲ್ಲರೂ ನಟಿಸುತ್ತಾರೆ. ನಾಲ್ವರು ಹಿರಿಯರು ಚದುರಂಗಕ್ಕೆ ಕುಳಿತವರಂತೆ ಹಣೆ ಸುಕ್ಕುಗಟ್ಟಿಸಿ, ‘ಮಾಂಬಲಂ’, ‘ಕೋಡಂಬಾಕ್ಕಂ’, ‘ಓಹೋ, ಹಾಗಾದರೆ ಗಿಂಡಿ’ ಎನ್ನುತ್ತ ಕಡೆಗೆ ಒಬ್ಬರು ‘ಸೈದಾಪೇಟೆ’ ಎಂದು ವಿಜಯೋತ್ಸಾಹದಿಂದ ಕೂಗಿದಂತೆ ಊಹಿಸಿಕೊಳ್ಳಬಹುದು. ೧೯೯೨ರಲ್ಲಿ ಮುಚ್ಚಿದ್ದ ಆ ನಿಲ್ದಾಣವನ್ನು ೧೯೯೮ರಲ್ಲಿ ಮತ್ತೆ ತೆರೆದಾಗ, ಸಮಾರಂಭಕ್ಕೆ ಈ ಗೋಷ್ಠಿಯವರನ್ನೇ ಕರೆಸಲಾಗಿತ್ತು!

ಈ ಗೋಷ್ಠಿಯ ಅಧ್ಯಕ್ಷರು ಹಂಫ್ರಿ ಲಿಟಲ್ಟನ್. ಜನರಿಗೆ ಅವರು ಬರಿಯ ‘ಹಂಫ್’. ೧೯೨೧ರಲ್ಲಿ ಹುಟ್ಟಿದ ಅವರು ಎರಡನೆಯ ಮಹಾಯುದ್ಧದಲ್ಲಿ ಸೈನ್ಯಾಧಿಕಾರಿಯಾಗಿದ್ದರು. ವೃತ್ತಿಯಿಂದ ಅವರು ಹಾಸ್ಯಗಾರರಲ್ಲ. ಜಾಝ್ ಸಂಗೀತದ ತುತ್ತೂರಿ ವಾದಕರು. ೧೯೪೫ರ ಮೇ ೮ರಂದು ಯುರೋಪಿನ ಯುದ್ಧ ಮುಗಿದ ಸಂಭ್ರಮದಲ್ಲಿ ಲಂಡನ್ನಿನ ಅರಮನೆಯ ಮುಂದೆ ಅವರು ಊದಿದ ತುತ್ತೂರಿ ಬಿ.ಬಿ.ಸಿ.ಯ ಅಂದಿನ ಧ್ವನಿಮುದ್ರಣದಲ್ಲಿ ಸೇರಿಕೊಂಡಿದೆ. ಮೊದಲ ಸರಣಿಯ ಕೆಲವು ಕಂತುಗಳಿಗೆ ಬ್ಯಾರಿ ಕ್ರೈಯರ್ ಎಂಬವರೂ ಅಧ್ಯಕ್ಷರಾಗಿದ್ದರು. ಆಮೇಲೆ ಪೀಠ ಲಿಟಲ್ಟನ್ನರದಾಯಿತು. ಕ್ರೈಯರ್ ಪಕ್ಕದ ಕುರ್ಚಿಗೆ ಸರಿದು ಮುಂದಿನ ದಶಕಗಳನ್ನೆಲ್ಲ ಸಂತೋಷದಿಂದ ಅಲ್ಲಿಯೇ ಕಳೆದರು. ಪೀಠವನ್ನು ಬಿಟ್ಟುಕೊಟ್ಟು ಅದೇ ಗೋಷ್ಠಿಯಲ್ಲಿ ಉಳಿಯುವುದು ಎಷ್ಟು ಕಷ್ಟವೆಂಬುದನ್ನು ಸಂಘಸಂಸ್ಥೆಗಳಲ್ಲಿ ದುಡಿದವರು ಬಲ್ಲರು.

ಲಿಟಲ್ಟನ್ನರ ಹಾಸ್ಯದ ಗುಟ್ಟು ನಗದೆ ಇರುವುದು. ‘ಇಂಥ ಕೆಲಸಕ್ಕೆ ಬಾರದ ಆಟದಲ್ಲಿ ಬಂದು ಸಿಕ್ಕಿಬಿದ್ದೆನಲ್ಲ’ ಎಂಬ ಬೇಸರದ ಧ್ವನಿಯಲ್ಲಿ ಅವರು ಎಲ್ಲವನ್ನೂ ಓದುತ್ತಿದ್ದರು. ದ್ವಂದ್ವಾರ್ಥದ ಮಾತು ಬಂದರೆ, ತಮಗೆ ಅದರ ಎರಡನೆಯ ಅರ್ಥ ಹೊಳೆದೇ ಇಲ್ಲವೆಂಬ ಮುಗ್ಧತೆ. ಅಂಕಗಳನ್ನು ಎಣಿಸಲು ಸಮಂತಾ ಎಂಬ ಮಹಿಳೆ ತಮ್ಮ ಪಕ್ಕದಲ್ಲಿ ಕುಳಿತಿರುವರೆಂದು ಅವರು ಪ್ರತಿಸಲವೂ ಪರಿಚಯಿಸುತ್ತಿದ್ದರು. ಅಂಥ ಮಹಿಳೆ ಯಾರೂ ಇರಲಿಲ್ಲ. ಇಲ್ಲದವರಿಗೆ ಉತ್ತರಾಧಿಕಾರಿಯೂ ಬೇಕಾಗುವುದಿಲ್ಲ. ಆ ಪುಣ್ಯ ಇದ್ದವರಿಗಿಲ್ಲ.

ಗೋಷ್ಠಿಗೆ ಮೊದಲ ದೊಡ್ಡ ಪೆಟ್ಟು ಬಿದ್ದದ್ದು ೧೯೯೬ರ ಡಿಸೆಂಬರಿನಲ್ಲಿ. ೧೯೭೪ರಿಂದ ಜೊತೆಗಿದ್ದ ವಿಲ್ಲಿ ರಷ್ಟನ್ ತೀರಿಕೊಂಡರು. ಆ ನಾಲ್ಕನೆಯ ಕುರ್ಚಿಯನ್ನು ತಂಡದವರು ಬೇರೆ ಯಾರಿಗೂ ಖಾಯಂ ಮಾಡಲಿಲ್ಲ. ಸಲಕ್ಕೊಬ್ಬ ಅತಿಥಿ ಬಂದು ಕುಳಿತು ಹೋಗುತ್ತಿದ್ದರು. ಆಟವೂ ನಡೆಯಿತು, ರಷ್ಟನ್ನರ ಸ್ಥಳವೂ ರಷ್ಟನ್ನರದಾಗಿಯೇ ಉಳಿಯಿತು. ಮಾರ್ನಿಂಗ್ಟನ್ ಕ್ರೆಸೆಂಟ್ ನಿಲ್ದಾಣದಲ್ಲಿ ಅವರ ಸ್ಮರಣೆಗೊಂದು ಫಲಕವನ್ನೂ ಹಾಕಲಾಯಿತು.

ಆದರೆ ಪಕ್ಕದ ಕುರ್ಚಿಯ ಮಾತು ಬೇರೆ, ನಡುವಿನ ಪೀಠದ ಮಾತು ಬೇರೆ. ೨೦೦೮ರ ಏಪ್ರಿಲ್ ೨೫ರಂದು, ಶಸ್ತ್ರಚಿಕಿತ್ಸೆಯ ತರುವಾಯ, ಲಿಟಲ್ಟನ್ನರು ೮೬ನೆಯ ವಯಸ್ಸಿನಲ್ಲಿ ನಿಧನರಾದರು. ಆ ವಸಂತದಲ್ಲಿ ಬರಬೇಕಾಗಿದ್ದ ಸರಣಿಯನ್ನು ಕೈಬಿಡಲಾಯಿತು. ಗೋಷ್ಠಿಯನ್ನು ಅಲ್ಲಿಗೇ ಮುಗಿಸಿಬಿಡುವುದು ಗೌರವವೆಂದು ವಾದಿಸಿದವರಿದ್ದರು. ಮುಂದುವರಿಸುವುದೇ ಗೌರವವೆಂದವರೂ ಇದ್ದರು. ಎರಡು ಪಕ್ಷಗಳೂ ಪ್ರೀತಿಯಿಂದಲೇ ಮಾತನಾಡುತ್ತಿದ್ದುದರಿಂದ ತೀರ್ಮಾನ ಸುಲಭವಾಗಿರಲಿಲ್ಲ.

ಒಂದು ವರ್ಷಕ್ಕೂ ಹೆಚ್ಚು ಕಾಲ ಪೀಠ ಬರಿದಾಗಿಯೇ ಇತ್ತು. ೨೦೦೯ರ ಜೂನ್ ೧೫ರಂದು ಗೋಷ್ಠಿ ಮರಳಿತು. ಬಂದವರು ಒಬ್ಬರಲ್ಲ, ಮೂವರು. ಸ್ಟೀಫನ್ ಫ್ರೈ, ಜಾಕ್ ಡೀ, ರಾಬ್ ಬ್ರೈಡನ್ ಇವರು ಆರು ಕಂತುಗಳನ್ನು ತಲಾ ಎರಡರಂತೆ ಹಂಚಿಕೊಂಡರು. ಯಕ್ಷಗಾನದಲ್ಲಿ ಇಡೀ ರಾತ್ರಿಯ ಆಟವನ್ನು ಒಬ್ಬರಿಗಿಂತ ಹೆಚ್ಚು ಭಾಗವತರು ಹಂಚಿಕೊಂಡು ನಡೆಸುವುದಿಲ್ಲವೆ? ಹಾಗೆ. ಇದರಿಂದ ಇಬ್ಬಗೆಯ ಉಪಕಾರವಾಯಿತು. ‘ಹಂಫ್ ಅವರ ಸ್ಥಾನಕ್ಕೆ ಬಂದವನು ಇವನೇ’ ಎಂದು ಬೆರಳು ತೋರಿಸಲು ಒಬ್ಬ ವ್ಯಕ್ತಿ ಇರಲಿಲ್ಲ. ಶ್ರೋತೃಗಳಿಗೆ ಬೇರೆ ಧ್ವನಿಯನ್ನು ಕೇಳುವ ಅಭ್ಯಾಸವೂ ಮೆಲ್ಲಗೆ ಆಯಿತು. ಅದೇ ವರ್ಷದ ನವೆಂಬರಿನ ಸರಣಿಯಿಂದ ಜಾಕ್ ಡೀ ಅವರೊಬ್ಬರೇ ಪೀಠವನ್ನು ವಹಿಸಿಕೊಂಡರು. ೨೦೨೨ರಲ್ಲಿ ಗೋಷ್ಠಿಗೆ ಐವತ್ತು ವರ್ಷ ತುಂಬಿದಾಗಲೂ ಅಧ್ಯಕ್ಷರು ಅವರೇ.

ಡೀ ಅವರು ಹಂಫ್ ಅವರನ್ನು ಅನುಕರಿಸಲಿಲ್ಲ. ಸಿಡುಕು ಮೋರೆಯ ಹಾಸ್ಯಗಾರರೆಂದು ಅವರು ಮೊದಲೇ ಹೆಸರಾಗಿದ್ದವರು. ಹಂಫ್ ಅವರದು ವಯಸ್ಸಾದ ದೊಡ್ಡ ಮನುಷ್ಯನ ಬೇಸರ. ಡೀ ಅವರದು ಜಗತ್ತಿನ ಮೇಲೆಯೇ ಮುನಿದವನ ಬೇಸರ. ಅಧ್ಯಕ್ಷನಿಗೆ ಆಟ ಇಷ್ಟವಿಲ್ಲ ಎಂಬ ಮೂಲಭಾವ ಉಳಿಯಿತು, ಅದನ್ನು ತೋರಿಸುವ ಮನುಷ್ಯ ಬದಲಾದ. ತೆರೆಯ ಹಿಂದಿನವರು ಬದಲಾಗಲಿಲ್ಲವೆಂಬುದೂ ಮುಖ್ಯ. ಅಧ್ಯಕ್ಷರು ಓದುವ ಮಾತುಗಳನ್ನು ಲಿಟಲ್ಟನ್ನರಿಗೆ ಬರೆದುಕೊಡುತ್ತಿದ್ದ ಇಯಾನ್ ಪ್ಯಾಟಿನ್ಸನ್ ಎಂಬವರೇ ಡೀ ಅವರಿಗೂ ಬರೆದರು. ನಿರ್ಮಾಪಕ ಜಾನ್ ನೈಸ್ಮಿತ್, ಪಿಯಾನೋ ವಾದಕ ಕಾಲಿನ್ ಸೆಲ್ ಇವರೂ ಹಿಂದಿನವರೇ. ಮನೆಯ ಯಜಮಾನರು ಹೋದರೂ ಅಡುಗೆಯ ಕೈ ಅದೇ ಇದ್ದರೆ ಸಾರಿನ ರುಚಿ ಕೆಡುವುದಿಲ್ಲ.

ಇದೇ ವಾಹಿನಿಯ ಇನ್ನೊಂದು ಗೋಷ್ಠಿ ‘ಜಸ್ಟ್ ಎ ಮಿನಿಟ್’. ಕೊಟ್ಟ ವಿಷಯದ ಮೇಲೆ ತಡವರಿಸದೆ, ಹೇಳಿದ್ದನ್ನೇ ಹೇಳದೆ, ದಾರಿ ತಪ್ಪದೆ ಅರವತ್ತು ಸೆಕೆಂಡು ಮಾತನಾಡಬೇಕು. ಸಭೆಗಳಲ್ಲಿ ವಂದನಾರ್ಪಣೆ ಮಾಡುವವರಿಗೆಲ್ಲ ಈ ನಿಯಮವನ್ನು ವಿಧಿಸಿದರೆ ಊಟ ಹೊತ್ತಿಗೆ ಸರಿಯಾಗಿ ಆದೀತು! ಅದು ೧೯೬೭ರ ಡಿಸೆಂಬರ್ ೨೨ರಂದು ಆರಂಭವಾದಾಗ ಪೀಠಕ್ಕೆ ಬಂದ ನಿಕೊಲಸ್ ಪಾರ್ಸನ್ಸ್, ೨೦೨೦ರ ಜನವರಿ ೨೮ರಂದು ೯೬ನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಅದರ ಅಧ್ಯಕ್ಷರಾಗಿದ್ದರು. ೨೦೧೨ರಲ್ಲಿ ಅವರು ಈ ಆಟವನ್ನು ನಮ್ಮ ಮುಂಬಯಿಗೂ ತಂದು, ಭಾರತೀಯ ಹಾಸ್ಯಗಾರರನ್ನೂ ಸೇರಿಸಿಕೊಂಡು ನಡೆಸಿದ್ದುಂಟು. ಅವರ ಅನಂತರವೂ ಹಲವರು ಅತಿಥಿಗಳಾಗಿ ಪೀಠದಲ್ಲಿ ಕುಳಿತು ನೋಡಿದರು. ೨೦೨೧ರಲ್ಲಿ ಸೂ ಪರ್ಕಿನ್ಸ್ ಎಂಬ ಮಹಿಳೆ ಖಾಯಂ ಅಧ್ಯಕ್ಷೆಯಾದರು. ಹಿಂದಿನ ಗೋಷ್ಠಿ ತುಳಿದ ಹಾದಿಯೇ ಇದಕ್ಕೂ ಒದಗಿತು.

ನಮ್ಮ ದೇಶದಲ್ಲಿಯೂ ಇದನ್ನು ಹೋಲುವ ಒಂದು ಉದಾಹರಣೆಯಿದೆ. ಶಾಲಾಮಕ್ಕಳ ರಸಪ್ರಶ್ನೆಯಾದ ‘ಬೋರ್ನ್‌ವಿಟಾ ಕ್ವಿಜ್ ಕಾಂಟೆಸ್ಟ್’ ೧೯೭೨ರಲ್ಲಿ ಆರಂಭವಾಗಿ ಬಾನುಲಿಯ ಮೂಲಕ ಮನೆಮಾತಾಯಿತು. ಅದನ್ನು ನಡೆಸುತ್ತಿದ್ದವರು ಹಮೀದ್ ಸಯಾನಿ. ೧೯೭೫ರಲ್ಲಿ ಅವರು ನಿಧನರಾದಾಗ ಅವರ ತಮ್ಮ ಅಮೀನ್ ಸಯಾನಿ ಆ ಸ್ಥಾನಕ್ಕೆ ಬಂದರು. ಸಿಲೋನ್ ರೇಡಿಯೋದ ‘ಬಿನಾಕಾ ಗೀತಮಾಲಾ’ದ ಮೂಲಕ ೧೯೫೨ರಿಂದಲೇ ದೇಶಕ್ಕೆಲ್ಲ ಪರಿಚಿತರಾಗಿದ್ದ ಅಮೀನರನ್ನು ಬಾನುಲಿಗೆ ಕರೆತಂದವರೇ ಹಮೀದರು. ಅಣ್ಣನ ಕುರ್ಚಿಯಲ್ಲಿ ಕುಳಿತ ತಮ್ಮನಿಗೆ ತನ್ನದೇ ಧ್ವನಿಯಿತ್ತು. ಆದುದರಿಂದಲೇ ಆ ಕುರ್ಚಿ ಅವರಿಗೆ ಭಾರವಾಗಲಿಲ್ಲ.

ಈ ಕಥೆಗಳನ್ನೆಲ್ಲ ರಾಜ್ಯೋತ್ಸವದ ಸಂಚಿಕೆಯಲ್ಲಿ ಹೇಳುವುದೇಕೆಂದು ಕೆಲವರು ಕೇಳಬಹುದು. ಹೊರನಾಡಿನ ಕನ್ನಡ ಸಂಘಗಳಲ್ಲೆಲ್ಲ ಒಬ್ಬ ಹಂಫ್ ಇರುತ್ತಾರೆ. ನವೆಂಬರ್ ಬಂದರೆ ಹಾಸ್ಯದ ಕಾರ್ಯಕ್ರಮ ಅವರದೇ. ಯಾರ ಕಾಲನ್ನು ಎಳೆಯಬಹುದು, ಯಾರನ್ನು ಮುಟ್ಟಬಾರದು, ಯಾವ ಹೊತ್ತಿಗೆ ಸಭಿಕರಿಗೆ ಹಸಿವಾಗುತ್ತದೆ, ಎಲ್ಲವೂ ಅವರಿಗೆ ಗೊತ್ತು. ಅವರಿಗೆ ವಯಸ್ಸಾಗುತ್ತದೆ. ಒಂದು ವರ್ಷ ಅವರು ಬರುವುದಿಲ್ಲ. ಆಗ ‘ಅವರಿಲ್ಲದಮೇಲೆ ಅದೇಕೆ?’ ಎಂದು ಕಾರ್ಯಕ್ರಮವನ್ನೇ ಪಟ್ಟಿಯಿಂದ ತೆಗೆದುಬಿಡುತ್ತೇವೆ. ಅಥವಾ ಅವರಂತೆಯೇ ಮಾತನಾಡಲು ಯಾರೋ ಒಬ್ಬರನ್ನು ನಿಲ್ಲಿಸಿ, ‘ಅವರಂತಾಗಲಿಲ್ಲ’ ಎಂದು ಮನೆಗೆ ಹೋಗುತ್ತೇವೆ.

ಇದರಲ್ಲಿ ನಷ್ಟವಾಗುವುದು ಒಂದು ಗಂಟೆಯ ವಿನೋದ ಮಾತ್ರವಲ್ಲ. ನಮ್ಮ ಮಕ್ಕಳು ಕನ್ನಡದ ಅಕ್ಷರವನ್ನು ಪುಸ್ತಕದಿಂದ ಕಲಿಯಬಹುದು, ಹಾಡನ್ನು ಕೇಳಿ ಕಲಿಯಬಹುದು. ಕನ್ನಡದಲ್ಲಿ ನಗುವುದನ್ನು ಮಾತ್ರ ನಗುವವರ ನಡುವೆ ಕುಳಿತೇ ಕಲಿಯಬೇಕು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷು ಎಂದು ಬೆಳೆಯುತ್ತಿರುವ ಮಗುವಿಗೆ ಒಂದು ಕನ್ನಡ ಚಟಾಕಿ ವಿವರಣೆಯಿಲ್ಲದೆ ಹೊಳೆದರೆ, ಭಾಷೆ ಆ ಮಗುವಿನೊಳಗೆ ಇಳಿದಿದೆಯೆಂದೇ ಅರ್ಥ.

ಲಂಡನ್ನಿನವರಿಂದ ನಾವು ಕಲಿಯಬಹುದಾದದ್ದು ಸರಳವಾಗಿದೆ. ದುಃಖಕ್ಕೆ ಅದರ ಕಾಲವನ್ನು ಕೊಡಬೇಕು. ಬಳಿಕ ಒಬ್ಬರ ತಲೆಯ ಮೇಲೆಯೇ ಹೊರಿಸದೆ ಮೂವರಿಗೆ ಹಂಚಿ ನೋಡಬೇಕು. ಆರಿಸಿದವರಿಗೆ ತಮ್ಮದೇ ಧ್ವನಿಯಲ್ಲಿ ಮಾತನಾಡುವ ಸ್ವಾತಂತ್ರ್ಯವಿರಬೇಕು. ಹಿಂದೆ ನಿಂತು ದುಡಿಯುವವರನ್ನು ಉಳಿಸಿಕೊಳ್ಳಬೇಕು. ಸಭಿಕರೂ ಒಂದೆರಡು ವರ್ಷ ತೂಕದ ಬಟ್ಟನ್ನು ಮನೆಯಲ್ಲಿ ಬಿಟ್ಟು ಬರಬೇಕು.

ಒಂದು ವಿಷಯದಲ್ಲಿ ಮಾತ್ರ ನಾವು ಅವರಿಗಿಂತ ಮುಂದೆ ಹೋಗಬಹುದು. ಬ್ಯಾಂಕಿನಲ್ಲಿ ಕ್ಯಾಷಿಯರು ಬದಲಾದಾಗ, ಹೋಗುವವರೂ ಬರುವವರೂ ಎದುರುಬದುರು ನಿಂತು ಹಣವನ್ನೆಣಿಸಿ, ಪುಸ್ತಕದೊಡನೆ ತಾಳೆನೋಡಿ, ಸಹಿ ಹಾಕಿದ ಮೇಲೆಯೇ ಬೀಗದ ಕೈ ಒಬ್ಬರಿಂದ ಇನ್ನೊಬ್ಬರಿಗೆ ಹೋಗುತ್ತದೆ. ಆ ಗೋಷ್ಠಿಗಳೆರಡಕ್ಕೂ ಈ ಭಾಗ್ಯವಿರಲಿಲ್ಲ. ಎರಡು ಪೀಠಗಳೂ ಸಾವಿನಿಂದ ಬರಿದಾದವು. ನಮ್ಮ ಹಿರಿಯರು ಎದುರಿಗಿದ್ದಾರೆ. ಬರುವ ರಾಜ್ಯೋತ್ಸವದಲ್ಲಿ ಮೂವರು ತರುಣ ತರುಣಿಯರು ಹಾಸ್ಯದ ಕಾರ್ಯಕ್ರಮವನ್ನು ಹಂಚಿಕೊಂಡು ನಡೆಸಲಿ. ಇಷ್ಟು ವರ್ಷ ಅದನ್ನು ನಡೆಸಿದವರು ಮುಂದಿನ ಸಾಲಿನಲ್ಲಿ ಕುಳಿತಿರಲಿ. ಮೊದಲ ಚಟಾಕಿಗೆ ಅವರು ಮೊದಲು ನಕ್ಕರೆ ಸಾಕು. ಆ ನಗುವೇ ಸಹಿ, ಅದೇ ಬೀಗದ ಕೈ.