ರಜೆಯ ದಿನಗಳ ಬಾಲಯಾತ್ರಿಕರು

ಮಕ್ಕಳನ್ನು ಇಂಗ್ಲೆಂಡಿನ ವಸತಿಶಾಲೆಗಳಲ್ಲಿರಿಸಿ ತಾವು ಆಫ್ರಿಕಾ, ಮಲಯಾಗಳಂಥ ದೂರದೇಶಗಳಲ್ಲಿ ಉದ್ಯೋಗನಿರತರಾಗಿದ್ದ ತಂದೆತಾಯಿಗಳಿಗೆ, ಹಡಗಿನ ಪ್ರಯಾಣವೇ ವಾರಗಟ್ಟಲೆ ಹಿಡಿಯುತ್ತಿದ್ದ ಕಾಲದಲ್ಲಿ, ಕ್ರಿಸ್‌ಮಸ್ ರಜೆಯ ಸಮಾಗಮವೆಂಬುದು ದುರ್ಲಭವೇ ಆಗಿದ್ದಿತು. ಎರಡನೆಯ ಮಹಾಯುದ್ಧದ ತರುವಾಯ ವಿಮಾನವು ಈ ಅವಧಿಯನ್ನು ಕೆಲವೇ ದಿನಗಳಿಗಿಳಿಸಲು, ಬ್ರಿಟನ್ನಿನ ವಿಮಾನಯಾನ ಸಂಸ್ಥೆಯಾದ ಬಿ.ಓ.ಎ.ಸಿ.ಯ ವಿಮಾನಗಳು ರಜೆ ಬಂತೆಂದರೆ ಒಂಟಿಯಾಗಿ ಹೊರಟ ಬಾಲಕಬಾಲಿಕೆಯರಿಂದ ತುಂಬಿ, ‘ಲಾಲಿಪಾಪ್ ಸ್ಪೆಷಲ್’ ಎಂಬ ಪರಿಹಾಸದ ಹೆಸರನ್ನು ಪಡೆದುವು. ಹಸುಳೆಗಳಿಗಾದರೋ ಸಾಮಾನಿನ ಅಟ್ಟಣೆಯಿಂದ ಇಳಿಬಿಟ್ಟ ತೊಟ್ಟಿಲಿದ್ದಿತು. ವಾಯುಕ್ಷೋಭೆಯಲ್ಲಿ ಅದು ತೂಗಿದ ಬಗೆಯನ್ನು ತಾಯಂದಿರು ಮೆಚ್ಚಿದರೋ ಇಲ್ಲವೋ! 1957ರಲ್ಲಿ ಆ ಸಂಸ್ಥೆ ಸ್ಥಾಪಿಸಿದ ಜೂನಿಯರ್ ಜೆಟ್ ಕ್ಲಬ್ಬಿನ ಸದಸ್ಯರಿಗೆ ರೆಕ್ಕೆಯ ಬಿಲ್ಲೆಯೊಂದೂ ನೀಲಿ ದಾಖಲೆಪುಸ್ತಕವೊಂದೂ ದೊರೆಯುತ್ತಿದ್ದುವು. ಹಾರಿದ ಮೈಲಿಗಳನ್ನು ಬರೆದು ಕಪ್ತಾನನ ರುಜುವಿಗೆಂದು ಚಾಲಕರ ಕೋಣೆಗೆ ಕಳುಹುತ್ತಿದ್ದ ಆ ಪುಸ್ತಕಕ್ಕೆ ಶಾಲೆಯ ಅಂಕಪಟ್ಟಿಗಿಂತ ಹೆಚ್ಚಿನ ಗೌರವ ಸಂದಿರಬೇಕೆಂದೇ ನನ್ನ ಊಹೆ.