ಅಗಲ ಹಾಕಿದ ಪಾಯ

ನಮ್ಮ ಹೊಲದ ದಾರಿಗೆ ಮೋರಿ ಕಟ್ಟೋ ವಿಚಾರ ಮೊನ್ನೆ ಅರಳಿಕಟ್ಟೆ ಹತ್ರ ಮಾತಿಗೆ ಬಂತು. ಎತ್ತಿನಗಾಡಿ ಹೋಗೋಷ್ಟು ಅಗಲ ಇದ್ರೆ ಸಾಕು, ದುಡ್ಡು ಉಳೀತದೆ ಅಂದ್ರು ಅರ್ಧ ಜನ. ಆವಾಗಿಂದ ನನಗೆ ಕನ್ನಂಬಾಡಿ ಕಟ್ಟೆಯ ಪಾಯದ ಕತೆ ನೆನಪಾಗ್ತಾ ಇದೆ.

1902ರಲ್ಲಿ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋಯ್ತು. ಆದ್ರೆ ಬೇಸಿಗೆಯಲ್ಲಿ ಹೊಳೆ ಸೊರಗಿ ನೀರು ಸಾಲ್ತಿರಲಿಲ್ಲ. ಹಂಗಾಗಿ ಮೇಲೆ ಒಂದು ಕಟ್ಟೆ ಬೇಕಾಯ್ತು. ಆಗ ಚೀಫ್ ಇಂಜಿನಿಯರ್ ಆಗಿದ್ದ ವಿಶ್ವೇಶ್ವರಯ್ಯನವರ ಲೆಕ್ಕದಲ್ಲಿ ಗಣಿ ಜೊತೆಗೆ ಮಂಡ್ಯ ಸೀಮೆಯ ಒಣಭೂಮಿಯೂ ಇತ್ತು. ಮೈಸೂರಿನವರು ಕೇಳಿದ್ದು 41.5 ಟಿಎಂಸಿ ನೀರು ನಿಲ್ಲೋ ಕಟ್ಟೆ. ಕೆಳಗಿನ ಮದ್ರಾಸ್ ಸರ್ಕಾರ ತಕರಾರು ತೆಗೀತು. ಒಪ್ಪಿಗೆ ಸಿಕ್ಕಿದ್ದು 11 ಟಿಎಂಸಿಗೆ ಮಾತ್ರ.

1911ರಲ್ಲಿ ಕೆಲಸ ಶುರುವಾಯ್ತು. ಒಪ್ಪಿಗೆ ಚಿಕ್ಕ ಕಟ್ಟೆಗೆ, ಹಾಕಿದ್ದು ಮಾತ್ರ ದೊಡ್ಡ ಕಟ್ಟೆಯ ಪಾಯ. ಗೋಡೆ ಆಮೇಲೆ ಏರಿಸಬಹುದು, ನೀರು ನಿಂತ ಮೇಲೆ ಪಾಯ ಅಗಲ ಮಾಡೋಕಾಗ್ತದಾ? ತೀರ್ಪು, ಅಪೀಲು ಎಲ್ಲಾ ಮುಗಿದು ಒಪ್ಪಂದ ಆಗಿದ್ದು 1924ರಲ್ಲಿ. ಹದಿಮೂರು ವರ್ಷ! ಒಪ್ಪಿಗೆ ಸಿಗದೇ ಹೋಗಿದ್ರೆ ಹೆಚ್ಚಿಗೆ ಹಾಕಿದ ಕಲ್ಲು, ಗಾರೆ, ಕೂಲಿ ಎಲ್ಲಾ ದಂಡ ಆಗ್ತಿತ್ತು. ಸಿಕ್ತು. ಅದೇ ಪಾಯದ ಮೇಲೆ ಕಟ್ಟೆ ಎದ್ದು ನಾಲೆ ನೀರು ಮಂಡ್ಯಕ್ಕೆ ಬಂತು, ರಾಗಿ ಹೊಲ ಗದ್ದೆ ಆಯ್ತು. 1933ರಲ್ಲಿ ಸಕ್ಕರೆ ಕಂಪನಿನೂ ಆಯ್ತು.

ಮುಂದಾಲೋಚನೆ ಪುಕ್ಕಟೆ ಬರೋದಲ್ಲ, ಅದನ್ನೂ ಹೇಳ್ಬೇಕು. ಹಳೇ ಕನ್ನಂಬಾಡಿ ಊರು ಮುಳುಗ್ತು. ಮನೆಮಠ ಬಿಟ್ಟು ಎದ್ದುಹೋದವರೂ ನಮ್ಮಂಥ ರೈತರೇ. ನಾವು ಉಣ್ಣೋ ಅನ್ನದಲ್ಲಿ ಅವರ ಋಣ ಇದೆ.

ಈಗ ನಮ್ಮ ಮೋರಿ. ಕಬ್ಬು ಕಡಿಯೋಕೆ ಆಳು ಸಿಗ್ತಿಲ್ಲ, ಇವತ್ತಲ್ಲ ನಾಳೆ ಕಟಾವು ಮಿಷನ್ ಬರಲೇಬೇಕು. ಗಾಡಿ ಅಗಲದ ಮೋರಿ ಮೇಲೆ ಅದು ದಾಟ್ತದಾ? ಮೇಲಿನ ಚಪ್ಪಡಿ ಸದ್ಯಕ್ಕೆ ಚಿಕ್ಕದೇ ಇರಲಿ, ದುಡ್ಡು ಕೂಡಿದಾಗ ಅಗಲ ಮಾಡೋಣ. ಪಾಯ ಮಾತ್ರ ಈಗಲೇ ಅಗಲ ಹಾಕೋಣ. ಅದಕ್ಕೆ ಎರಡಡಿ ಜಾಗ ಹೋಗೋದು ನನ್ನ ಬದುವಿಂದ. ನಾನು ಬಿಟ್ಟುಕೊಡ್ತೀನಿ.

ಭಾನುವಾರ ಬೆಳಗ್ಗೆ ಟೇಪು ಹಿಡ್ಕೊಂಡು ಅಲ್ಲೇ ಇರ್ತೀನಿ. ಬೇಡ ಅನ್ನೋರೂ ಬನ್ನಿ, ಅಳೆದು ನೋಡಿ ಮಾತಾಡೋಣ.